ಹೆರದೆ ತಾಯಾದ ಚಾಂದಬೀಬಿ

ಚಾಂದಬೀಬಿ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಹೈಸ್ಕೂಲಿನ ಸಮಾಜ ವಿಜ್ಞಾನದ ಒಂದೆರಡು ಸಾಲು. ಮೊಗಲರ ವಿರುದ್ಧ ಹೋರಾಡಿದ ರಾಣಿ, ಅಹಮದ್‌ನಗರದ ಕೋಟೆ, ಎರಡು ಮಾರ್ಕ್ಸು. ಅಲ್ಲಿಗೆ ಮುಗೀತು. ಪಿಯುಸಿಯಲ್ಲಿ ಸೈನ್ಸ್ ತಗೊಂಡ ಮೇಲಂತೂ ಆಕೆಯ ಹೆಸರು ಮತ್ತೆ ಕಿವಿಗೆ ಬಿದ್ದದ್ದೇ ಇಲ್ಲ.

ಈ ಸಲದ ಸಂಚಿಕೆಗೆ ನಾವು ಕೆಲವರು, ಅಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯಿಂದ ಬಂದವರು, ಚಾಂದಬೀಬಿಯ ಬಗ್ಗೆ ಬರೆಯೋಣ ಅಂತ ಕೂತೆವು. ಕತ್ತಿ ಹಿಡಿದ ಚಾಂದಬೀಬಿ ಎಲ್ಲರಿಗೂ ಗೊತ್ತು. ನಾವು ಹುಡುಕಿದ್ದು ತಾಯಿ ಚಾಂದಬೀಬಿಯನ್ನ. ಆಕೆಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು ಇರಲಿಲ್ಲ. ಆದರೂ ಗಂಡನ ಮನೆಯ ಒಂದು ಹುಡುಗನನ್ನ, ತವರುಮನೆಯ ಒಂದು ಹಸುಗೂಸನ್ನ ತನ್ನ ಮಕ್ಕಳು ಅಂತಲೇ ಕಾಪಾಡಿದಳು. ಇಬ್ಬರ ತಲೆ ಮೇಲೂ ಕಿರೀಟ ಇತ್ತು, ಇಬ್ಬರ ಸುತ್ತಲೂ ಕತ್ತಿಗಳಿದ್ದವು. ಧರ್ಮ, ಸಂಸಾರ, ತನ್ನದೇ ಆದ ಒಂದಿಷ್ಟು ಬದುಕು, ಈ ಮೂರನ್ನೂ ಒಬ್ಬ ಹೆಂಗಸು 450 ವರ್ಷಗಳ ಹಿಂದೆ ಹೇಗೆ ಸಂಭಾಳಿಸಿದಳು ಅನ್ನೋದು ನಮ್ಮ ಪ್ರಶ್ನೆ.

ನಮ್ಮ ಘಟ್ಟಕ್ಕೂ ಆಕೆಗೂ ಏನು ಸಂಬಂಧ?

ಇದೆ. ಸೋದೆ ಗೊತ್ತಲ್ಲ, ಶಿರಸಿಯಿಂದ ಒಂದು ಗಂಟೆಯೊಳಗೆ ಹೋಗಿ ಬರೋ ಜಾಗ. ಚಾಂದಬೀಬಿ ಬದುಕಿದ್ದ ಕಾಲದಲ್ಲೇ ಅಲ್ಲಿ ಅರಸಪ್ಪ ನಾಯಕ ಆಳುತ್ತಿದ್ದ, ವಾದಿರಾಜರು ಇದ್ದರು. ಸಿದ್ದಾಪುರದ ಬಿಳಗಿಯಲ್ಲಿ ಬೇರೆ ಅರಸು ಮನೆತನ. 1565ರಲ್ಲಿ ವಿಜಯನಗರ ಬಿದ್ದ ಮೇಲೆ ಈ ಸಣ್ಣ ಸಣ್ಣ ಸಂಸ್ಥಾನಗಳ ತಲೆ ಮೇಲೆ ಬಿಜಾಪುರದ ಆದಿಲ್‌ಶಾಹಿಗಳ ನೆರಳು ಬಿತ್ತು. ಮುಂಡಗೋಡ ದಾಟಿದರೆ ಸಿಗೋ ಬಂಕಾಪುರದ ಕೋಟೆಯನ್ನ ಬಿಜಾಪುರದವರು 1575ರ ಸುಮಾರಿಗೆ ದೀರ್ಘ ಮುತ್ತಿಗೆ ಹಾಕಿ ಹಿಡಿದರು. ಅಲ್ಲಿಂದ ಮುಂದೆ ಮಲೆನಾಡಿನ ನಾಯಕರು ಬಿಜಾಪುರಕ್ಕೆ ಕಪ್ಪ ಕೊಡಬೇಕಾಗಿ ಬಂತು. ಕೋಟೆ ಹಿಡಿದ ಸುಲ್ತಾನ ಒಂದನೇ ಅಲಿ ಆದಿಲ್‌ಶಾಹ. ಆತನ ಹೆಂಡತಿಯೇ ಚಾಂದಬೀಬಿ.

ಯಲ್ಲಾಪುರದ ಎಳೆಯೂ ಒಂದಿದೆ. ನಮ್ಮ ಸಿದ್ದಿ ಸಮುದಾಯದಲ್ಲಿ ಹಿಂದೂ, ಕ್ರಿಶ್ಚಿಯನ್, ಮುಸ್ಲಿಂ ಮೂರೂ ಧರ್ಮದವರು ಇದ್ದಾರೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು. ಹೆಚ್ಚಿನವರನ್ನ ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು ಅಂತ ಹೇಳ್ತಾರೆ. ಅದೇ ಕಾಲದಲ್ಲಿ ದಖ್ಖನಿನ ಸುಲ್ತಾನರ ಆಸ್ಥಾನಗಳಲ್ಲಿ ಆಫ್ರಿಕಾ ಮೂಲದವರು ಸೇನಾಪತಿಗಳೂ ಮಂತ್ರಿಗಳೂ ಆಗಿದ್ದರು. ಅವರನ್ನ ಹಬ್ಶಿಗಳು ಅನ್ನುತ್ತಿದ್ದರು. ಚಾಂದಬೀಬಿಯನ್ನ ಸೆರೆಯಿಂದ ಬಿಡಿಸಿದ್ದು ಅಂಥ ಒಬ್ಬ ಹಬ್ಶಿ. ಆ ಕಥೆಗೆ ಆಮೇಲೆ ಬರೋಣ.

ತಾಯಿಯಿಂದ ಕಲಿತ ಮೊದಲ ಪಾಠ

ಚಾಂದಬೀಬಿ ಹುಟ್ಟಿದ್ದು 1550ರ ಸುಮಾರಿಗೆ, ಅಹಮದ್‌ನಗರದಲ್ಲಿ. ಅಪ್ಪ ಹುಸೇನ್ ನಿಜಾಮ್‌ಶಾಹ, ಅಮ್ಮ ಖುಂಜಾ ಹುಮಾಯೂನ್. ಆ ಹೊತ್ತಲ್ಲಿ ಅಹಮದ್‌ನಗರಕ್ಕೂ ಬಿಜಾಪುರಕ್ಕೂ ಹಾವು ಮುಂಗುಸಿ ಸಂಬಂಧ. ಬಿಜಾಪುರದ ಅಲಿ ಆದಿಲ್‌ಶಾಹ ವಿಜಯನಗರದ ರಾಮರಾಯನ ಜತೆ ಸೇರಿಕೊಂಡು ಅಹಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದ. ಆಮೇಲೆ ಲೆಕ್ಕಾಚಾರ ಬದಲಾಯಿತು. ಸುಲ್ತಾನರೆಲ್ಲ ವಿಜಯನಗರದ ವಿರುದ್ಧ ಒಂದಾಗಬೇಕಾಯಿತು. ಹಗೆ ಮರೆಯೋಕೆ ಆ ಕಾಲದಲ್ಲಿ ಇದ್ದ ಉಪಾಯ ಒಂದೇ, ಮದುವೆ. ಚಾಂದಬೀಬಿಯನ್ನ ಅಲಿ ಆದಿಲ್‌ಶಾಹನಿಗೆ ಕೊಟ್ಟರು, ಜತೆಗೆ ಸೊಲ್ಲಾಪುರದ ಕೋಟೆಯನ್ನೂ ಕೊಟ್ಟರು. ಅಲಿಯ ತಂಗಿಯನ್ನ ಚಾಂದಬೀಬಿಯ ಸೋದರ ಮುರ್ತಜಾನಿಗೆ ತಂದುಕೊಂಡರು. ಆಗ ಚಾಂದಬೀಬಿಗೆ ಹದಿನಾಲ್ಕೋ ಹದಿನೈದೋ ವರ್ಷ ಇರಬಹುದು. ಅಂದರೆ ನಮ್ಮ ಲೆಕ್ಕದಲ್ಲಿ ಎಸ್ಸೆಸ್ಸೆಲ್ಸಿ. 1565ರ ಜನವರಿಯಲ್ಲಿ ತಾಳಿಕೋಟೆ ಯುದ್ಧ ಆಯಿತು, ವಿಜಯನಗರ ಹಾಳಾಯಿತು. ಆಕೆಯ ಮದುವೆಯ ಬೆಲೆ ಏನು ಅನ್ನೋದು ಹಂಪಿಯ ಕಲ್ಲುಗಳಲ್ಲಿ ಇವತ್ತೂ ಕಾಣ್ತದೆ.

ಅದೇ ವರ್ಷ ಅಪ್ಪ ತೀರಿಕೊಂಡ. ಮುರ್ತಜಾ ಇನ್ನೂ ಎಳೆಯ. ಹಾಗಾಗಿ ಅಮ್ಮ ಖುಂಜಾ ಹುಮಾಯೂನ್ ಮಗನ ಪರವಾಗಿ ಕೆಲವು ವರ್ಷ ರಾಜ್ಯ ನಡೆಸಿದಳು. ಮುಂದೆ ಬೆಳೆದ ಮಗನೇ ಆಕೆಯನ್ನ ಹಿಡಿಸಿ ಸೆರೆಗೆ ಹಾಕಿಸಿದ. ಹುಸೇನ್ ನಿಜಾಮ್‌ಶಾಹನ ಮೇಲೆ ಬರೆದ ಒಂದು ಚಿತ್ರಕಾವ್ಯದ ಹಸ್ತಪ್ರತಿ ಈಗ ಪುಣೆಯಲ್ಲಿದೆ. ಅದರಲ್ಲಿ ಸುಲ್ತಾನನ ಪಕ್ಕದಲ್ಲಿ ರಾಣಿ ಕೂತ ಚಿತ್ರಗಳಿವೆ. ಬಹುಪಾಲು ಚಿತ್ರಗಳಲ್ಲಿ ರಾಣಿಯ ರೂಪವನ್ನ ಬೇಕಂತಲೇ ಅಳಿಸಿಬಿಟ್ಟಿದ್ದಾರೆ. ಪಕ್ಕದಲ್ಲಿ ಗಂಡ ಇದ್ದಾನೆ, ಆಕೆ ಇದ್ದ ಜಾಗದಲ್ಲಿ ಮಸುಕು ಬಣ್ಣ ಅಷ್ಟೇ.

ಹೆತ್ತ ಮಗನಿಂದಲೇ ಹೀಗೆ ಅಳಿಸಿಹೋದ ತಾಯಿಯ ಮಗಳು ಚಾಂದಬೀಬಿ. ಮಗನಿಗಾಗಿ ಅಧಿಕಾರ ಹಿಡಿದ ಹೆಂಗಸಿಗೆ ಏನಾಗಬಹುದು ಅಂತ ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ತನಗಾಗಿ ಇಟ್ಟುಕೊಂಡದ್ದು

ಬಿಜಾಪುರದಲ್ಲಿ ಆಕೆ ಬರೀ ಜನಾನಾದಲ್ಲಿ ಕೂತಿರಲಿಲ್ಲ. ಅರಬ್ಬಿ, ಪಾರ್ಸಿ ಬರುತ್ತಿತ್ತು. ಇಲ್ಲಿಯ ಜನರ ಕನ್ನಡ, ಮರಾಠಿಯೂ ಬರುತ್ತಿತ್ತು ಅಂತ ಇತಿಹಾಸಕಾರರು ಬರೀತಾರೆ. ತಂತಿವಾದ್ಯ ನುಡಿಸುತ್ತಿದ್ದಳು, ಹೂವಿನ ಚಿತ್ರ ಬರೆಯುತ್ತಿದ್ದಳು. ಕುದುರೆ ಸವಾರಿ, ಗಿಡುಗ ಹಿಡಿದು ಬೇಟೆ, ಎಲ್ಲದರಲ್ಲೂ ಪಳಗಿದವಳು. ಆಕೆ ಸತ್ತು ನೂರು ವರ್ಷ ಆದ ಮೇಲೂ ದಖ್ಖನಿನ ಚಿತ್ರಕಾರರು ಕುದುರೆ ಮೇಲೆ ಕೂತು ಕೈಯಲ್ಲಿ ಗಿಡುಗ ಹಿಡಿದ ಚಾಂದಬೀಬಿಯನ್ನ ಮತ್ತೆ ಮತ್ತೆ ಬರೆದರು. ಅಂಥ ಒಂದು ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. ಜನ ಆಕೆಯನ್ನ ನೆನಪಿಟ್ಟುಕೊಂಡದ್ದು ಎರಡು ರೂಪದಲ್ಲಿ ನೋಡಿ. ಒಂದು ಯುದ್ಧದ್ದು. ಇನ್ನೊಂದು, ತನ್ನ ಖುಷಿಗೆ ತಾನು ಹೊರಟದ್ದು.

ಇದನ್ನ ಯಾಕೆ ಒತ್ತಿ ಹೇಳ್ತಿದ್ದೀವಿ ಅಂದರೆ, ತಾಯಿ ಅಂದ ಕೂಡಲೇ ನಾವು ಆಕೆಯ ಹವ್ಯಾಸಗಳನ್ನ ಮದುವೆಗೆ ಮುಂಚಿನ ಕಥೆ ಅಂತ ಮಡಚಿ ಇಡ್ತೀವಿ. ಚಾಂದಬೀಬಿಯ ಬದುಕಲ್ಲಿ ಹಾಗೆ ಮಡಚಿ ಇಟ್ಟದ್ದೇ ಆಮೇಲೆ ಕೆಲಸಕ್ಕೆ ಬಂತು. ಬೇಟೆಗೆ ಹೋಗಿ ಕಲಿತ ಸವಾರಿ ಕೋಟೆಯ ಬುರುಜು ಸುತ್ತೋಕೆ ಬಂತು. ಖುಷಿಗೆ ಕಲಿತ ಭಾಷೆಗಳು ನಾಲ್ಕು ಜಾತಿಯ, ನಾಲ್ಕು ದೇಶದ ಸರದಾರರ ಹತ್ತಿರ ಮಾತಾಡೋಕೆ ಬಂದವು.

ಅಲಿ ಆದಿಲ್‌ಶಾಹ 1579ರಲ್ಲಿ ಆಕೆಯ ಹೆಸರಲ್ಲಿ ಬಿಜಾಪುರದಲ್ಲಿ ಒಂದು ಬಾವಡಿ ಕಟ್ಟಿಸಿದ. ಶಹಾಪುರ ದರ್ವಾಜಾದ ಹತ್ತಿರ ಇರೋ ಚಾಂದ್ ಬಾವಡಿ ಅದೇ. ಬರಗಾಲದ ಊರಲ್ಲಿ ಹೆಂಡತಿಯ ಹೆಸರಿಗೆ ನೀರು ಇಟ್ಟದ್ದು ದೊಡ್ಡ ಮಾತೇ. ಮರುವರ್ಷವೇ, 1580ರಲ್ಲಿ, ಆತನ ಕೊಲೆಯಾಯಿತು.

ಮೊದಲ ಮಗ

ಸಿಂಹಾಸನಕ್ಕೆ ಬಂದವ ಅಲಿಯ ಸಹೋದರನ ಮಗ ಇಬ್ರಾಹಿಂ. ವಯಸ್ಸು ಒಂಬತ್ತು. ನಾಲ್ಕನೇ ಕ್ಲಾಸಿನ ಹುಡುಗ ಅಂತಿಟ್ಟುಕೊಳ್ಳಿ. ಅವನನ್ನ ಬೆಳೆಸೋ ಹೊಣೆ ಚಾಂದಬೀಬಿಯ ಮೇಲೆ ಬಂತು. ಆಕೆಗೆ ಆಗ ಸುಮಾರು ಮೂವತ್ತು, ಗಂಡ ಸತ್ತ ದುಃಖ ಇನ್ನೂ ಹಸಿ. ರಾಜ್ಯದ ಆಡಳಿತ ಮೊದಲು ಕಾಮಿಲ್ ಖಾನನ ಕೈಯಲ್ಲಿತ್ತು. ಅವನು ಮಿತಿಮೀರಿದಾಗ ಆಕೆ ಕಿಶ್ವರ್ ಖಾನನ ನೆರವಿನಿಂದ ಅವನನ್ನ ಇಳಿಸಿದಳು. ಆಮೇಲೆ ಕಿಶ್ವರ್ ಖಾನನೂ ಅದೇ ದಾರಿ ಹಿಡಿದ. ಅವನ ಬದಲಿಗೆ ಬಂಕಾಪುರದಲ್ಲಿದ್ದ ಮುಸ್ತಫಾ ಖಾನ್ ಎಂಬ ಹಿರಿಯ ಸರದಾರನನ್ನ ಕರೆಸೋ ಯೋಚನೆ ನಡೀತು. ಸುದ್ದಿ ಸಿಕ್ಕ ಕಿಶ್ವರ್ ಖಾನ್ ಬಂಕಾಪುರದಲ್ಲೇ ಮುಸ್ತಫಾನನ್ನ ಕೊಲ್ಲಿಸಿದ. ನಾವು ಹುಬ್ಬಳ್ಳಿ ಬಸ್ಸಲ್ಲಿ ನಿದ್ದೆ ಮಾಡ್ತಾ ದಾಟಿ ಹೋಗೋ ಸೀಮೆಯಲ್ಲಿ ಬಿಜಾಪುರದ ಹಣೆಬರಹ ಬದಲಾಗಿತ್ತು.

ಅಷ್ಟಕ್ಕೇ ಬಿಡಲಿಲ್ಲ. ಚಾಂದಬೀಬಿಯನ್ನ ಅರಮನೆಯಿಂದ ಬಲವಂತವಾಗಿ ಹೊರಡಿಸಿ ಸಾತಾರದ ಕೋಟೆಯಲ್ಲಿ ಸೆರೆ ಇಟ್ಟ. ಅಮ್ಮನ ಕಥೆ ಮಗಳಿಗೂ ಬಂತು ಅನ್ನಬೇಕು. ಒಂದೇ ವ್ಯತ್ಯಾಸ, ಇಲ್ಲಿ ಸೆರೆಗೆ ಹಾಕಿದ್ದು ಸಾಕುಮಗ ಅಲ್ಲ, ಅವನ ಹೆಸರಲ್ಲಿ ಆಳುತ್ತಿದ್ದ ಮಂತ್ರಿ. ಜನ ಕಿಶ್ವರ್ ಖಾನನ ವಿರುದ್ಧ ತಿರುಗಿದರು. ಇಖ್ಲಾಸ್ ಖಾನ್ ಮೊದಲಾದ ಹಬ್ಶಿ ಸರದಾರರು ದಂಗೆ ಎದ್ದರು, ಮಂತ್ರಿ ಊರು ಬಿಟ್ಟು ಓಡಿದ, ಚಾಂದಬೀಬಿ ಬಿಜಾಪುರಕ್ಕೆ ಮರಳಿದಳು.

ಈ ಗಲಾಟೆಯ ಹೊತ್ತಲ್ಲೇ ಅಹಮದ್‌ನಗರ, ಗೋಲ್ಕೊಂಡದ ಸೈನ್ಯಗಳು ಬಿಜಾಪುರಕ್ಕೆ ಮುತ್ತಿಗೆ ಹಾಕಿದವು. ಒಮ್ಮೆ ಯೋಚಿಸಿ. ಹೊರಗೆ ನಿಂತದ್ದು ತವರಿನ ಸೈನ್ಯ, ಒಳಗಿರೋದು ಗಂಡನ ಮನೆಯ ಮಗು. ನಮ್ಮ ಕಡೆ ತವರು ಮತ್ತು ಗಂಡನ ಮನೆಯ ನಡುವೆ ಒಂದು ಮದುವೆ ಕಾರ್ಡಿನ ವಿಷಯಕ್ಕೆ ಮನಸ್ತಾಪ ಆದರೂ ಅಮ್ಮಂದಿರು ರಾತ್ರಿ ನಿದ್ದೆ ಮಾಡೋದಿಲ್ಲ. ಇಲ್ಲಿ ಎರಡೂ ಕಡೆ ಫಿರಂಗಿ. ಆಕೆ ಮಗುವಿನ ಕಡೆ ನಿಂತಳು. ಮಳೆ ಜೋರಾಗಿ ಹಿಡಿದು ಕೋಟೆ ಗೋಡೆಯ ಒಂದು ಭಾಗ ಕುಸಿದಾಗ ಆಕೆಯೇ ಮುಂದೆ ನಿಂತು ಕಟ್ಟಿಸಿದಳು ಅಂತ ಬರೆದವರಿದ್ದಾರೆ. ಮುತ್ತಿಗೆ ಹಾಕಿದವರು ಊರು ಗೆಲ್ಲಲಾಗದೆ ಹಿಂದೆ ಹೋದರು.

ಆ ಹುಡುಗ ದೊಡ್ಡವನಾಗಿ ಎರಡನೇ ಇಬ್ರಾಹಿಂ ಆದಿಲ್‌ಶಾಹ ಆದ. ಸಂಗೀತದ ಹುಚ್ಚಿನ ಸುಲ್ತಾನ. ಕಿತಾಬ್-ಎ-ನೌರಸ್ ಅನ್ನೋ ಹಾಡುಗಳ ಪುಸ್ತಕ ಬರೆದ. ಅದರಲ್ಲಿ ಸರಸ್ವತಿಯೂ ಇದ್ದಾಳೆ, ಗಣಪತಿಯೂ ಇದ್ದಾನೆ, ಕಲಬುರಗಿಯ ಬಂದೇ ನವಾಜರೂ ಇದ್ದಾರೆ. ಜನ ಅವನನ್ನ ಜಗದ್ಗುರು ಅಂದರು. ಇದೆಲ್ಲ ಚಾಂದಬೀಬಿಯೇ ಕಲಿಸಿದ್ದು ಅಂತ ನಾವು ಸರ್ಟಿಫಿಕೇಟ್ ಕೊಡೋದಿಲ್ಲ. ಆದರೆ ವಾದ್ಯ ನುಡಿಸೋ, ಚಿತ್ರ ಬರೆಯೋ ಹೆಂಗಸಿನ ಕಣ್ಣಳತೆಯಲ್ಲಿ ಬೆಳೆದ ಹುಡುಗ ಅನ್ನೋದು ಮರೆಯೋ ವಿಷಯ ಅಲ್ಲ.

ಧರ್ಮ ಅಂದರೆ ಆಕೆಗೆ ಏನಾಗಿತ್ತು?

ಆ ಕಾಲದ ದಖ್ಖನಿನಲ್ಲಿ ಷಿಯಾ, ಸುನ್ನಿ ಪಂಗಡಗಳ ನಡುವೆ ದೊಡ್ಡ ತಿಕ್ಕಾಟ. ಚಾಂದಬೀಬಿಯ ತವರು ಷಿಯಾ, ಗಂಡ ಅಲಿಯೂ ಷಿಯಾ. ಗಂಡ ಸತ್ತ ಮೇಲೆ ಬಿಜಾಪುರದ ಆಸ್ಥಾನ ಸುನ್ನಿ ಪಂಗಡದ ಕಡೆ ತಿರುಗಿತು, ಸಾಕುಮಗ ಇಬ್ರಾಹಿಂ ಸುನ್ನಿಯಾಗಿ ಬೆಳೆದ. ಅತ್ತ ಅಹಮದ್‌ನಗರದಲ್ಲಿ ಕೆಲವು ವರ್ಷ ಮಹ್ದವಿ ಅನ್ನೋ ಮೂರನೇ ಪಂಥದ ಕೈ ಮೇಲಾಗಿ ರಕ್ತ ಹರಿಯಿತು. ಸರದಾರರಲ್ಲೂ ದಖ್ಖನಿಗಳು, ಹಬ್ಶಿಗಳು, ಇರಾನಿನಿಂದ ಬಂದ ಪರದೇಶಿಗಳು ಅಂತ ಬಣಗಳು. ಇಂಥ ಊರುಗಳಲ್ಲಿ ಧರ್ಮದ ಹೆಸರು ಹೇಳಿ ಒಂದು ಗುಂಪು ಕಟ್ಟೋದು ಸುಲಭವಾಗಿತ್ತು.

ಆಕೆಯ ಜಗಳಗಳನ್ನ ಒಂದೊಂದಾಗಿ ತೆಗೆದು ನೋಡಿದರೆ ಎಲ್ಲವೂ ಒಂದು ಮಗುವಿನ ಹಕ್ಕಿಗೋ ಒಂದು ಕೋಟೆಯ ಜನರ ಉಳಿವಿಗೋ ನಡೆದವು. ಇಸ್ಲಾಮಿನಲ್ಲಿ ಅಪ್ಪನಿಲ್ಲದ ಮಗುವಿನ ಪಾಲನೆಗೆ, ಆ ಮಗುವಿನ ಆಸ್ತಿ ಮುಟ್ಟದೆ ಕಾಯೋದಕ್ಕೆ ಬಹಳ ದೊಡ್ಡ ಜಾಗ ಇದೆ. ಪ್ರವಾದಿಯವರೇ ಅಪ್ಪನನ್ನ ಕಾಣದೆ ಬೆಳೆದವರು. ಅಮಾನತ್ ಅನ್ನೋ ಪದ ಅಲ್ಲಿಂದಲೇ ಬಂದದ್ದು. ನಮಗೆ ಅಮಾನತು ಅಂದರೆ ಸಸ್ಪೆಂಡ್ ಆಗೋದು, ಇಲ್ಲಾ ಬ್ಯಾಂಕಿನ ಠೇವಣಿ. ಮೂಲದಲ್ಲಿ ಅದು ನಂಬಿ ಕೈಗೆ ಕೊಟ್ಟ ವಸ್ತು. ಒಂದಿನ ವಾಪಸ್ ಕೊಡಲೇಬೇಕಾದದ್ದು. ಚಾಂದಬೀಬಿ ಎರಡು ರಾಜ್ಯಗಳನ್ನ ಕೈಯಲ್ಲಿ ಹಿಡಿದಳು, ಎರಡರಲ್ಲೂ ಸಿಂಹಾಸನದ ಮೇಲೆ ತಾನು ಕೂರಲಿಲ್ಲ. ಆಕೆಯ ಧರ್ಮ ಏನಾಗಿತ್ತು ಅಂತ ಕೇಳಿದರೆ ನಾವು ತೋರಿಸೋದು ಈ ಖಾಲಿ ಬಿಟ್ಟ ಸಿಂಹಾಸನವನ್ನೇ.

1584ರ ಸುಮಾರಿಗೆ ಇಬ್ರಾಹಿಮನ ತಂಗಿಯನ್ನ ಅಹಮದ್‌ನಗರದ ರಾಜಕುಮಾರನಿಗೆ ಕೊಟ್ಟಾಗ ಚಾಂದಬೀಬಿ ಮದುಮಗಳ ಜತೆ ತವರಿಗೆ ಹೋದಳು. ಬಿಜಾಪುರದ ಅಧಿಕಾರ ಆಗ ದಿಲಾವರ್ ಖಾನನ ಕೈಗೆ ಹೋಗಿತ್ತು. ಹುಡುಗ ಮೀಸೆ ಚಿಗುರೋ ವಯಸ್ಸಿಗೆ ಬಂದಿದ್ದ. ಮಗನ ಮೇಲಿನ ಹಿಡಿತ ಬಿಟ್ಟು ದೂರ ಸರಿಯೋದು ಎಷ್ಟು ತಾಯಂದಿರಿಗೆ ಸಾಧ್ಯ? ಬಿಟ್ಟು ಹೋದದ್ದರಿಂದಲೇ ಇರಬೇಕು, ಮುಂದೆ ಆಕೆ ಕರೆದಾಗ ಇಬ್ರಾಹಿಂ ಓಗೊಟ್ಟ.

ಎರಡನೇ ಮಗು, ಮತ್ತು ಸಿವಿಲ್ ಬ್ರಾಂಚಿನವರು ಓದಲೇಬೇಕಾದ ಒಂದು ರಾತ್ರಿ

ತವರಲ್ಲಿ ನೆಮ್ಮದಿ ಸಿಗಲಿಲ್ಲ. 1588ರಲ್ಲಿ ಸೋದರ ಮುರ್ತಜಾನನ್ನ ಅವನ ಮಗನೇ ಕೊಂದ. ಮರುವರ್ಷ ಆ ಮಗನ ಕೊಲೆಯಾಯಿತು. ಏಳು ವರ್ಷದಲ್ಲಿ ಸಿಂಹಾಸನದ ಮೇಲೆ ಒಬ್ಬರಾದ ಮೇಲೆ ಒಬ್ಬರು ಬಂದು ಹೋದರು. 1595ರಲ್ಲಿ ಇಬ್ರಾಹಿಂ ನಿಜಾಮ್‌ಶಾಹ ಬಿಜಾಪುರದ ಸೈನ್ಯದ ಜತೆಗಿನ ಯುದ್ಧದಲ್ಲಿ ಸತ್ತ. ಉಳಿದದ್ದು ಅವನ ಕೂಸು ಬಹಾದುರ್. ಚಾಂದಬೀಬಿಗೆ ಸೋದರನ ಮೊಮ್ಮಗ.

ಮಿಯಾನ್ ಮಂಜು ಅನ್ನೋ ಮಂತ್ರಿ ಆ ಮಗುವನ್ನ ಕೋಟೆಯೊಂದರಲ್ಲಿ ಬಂಧಿಸಿಟ್ಟು, ಬೇರೆ ಯಾರನ್ನೋ ರಾಜನ ವಂಶದವನು ಅಂತ ತಂದು ಕೂರಿಸಿದ. ಬೇರೆ ಸರದಾರರು ಒಪ್ಪದಿದ್ದಾಗ ಮೊಗಲರನ್ನ ಸಹಾಯಕ್ಕೆ ಕರೆದ. ಅಕ್ಬರನ ಮಗ ಮುರಾದ್ ದೊಡ್ಡ ಸೈನ್ಯದ ಜತೆ ಬಂದೇ ಬಿಟ್ಟ. ಕರೆದವನು ತಪ್ಪಾಯ್ತು ಅಂತ ಊರು ಬಿಟ್ಟ. ಕೋಟೆಯ ಹೊಣೆ ಚಾಂದಬೀಬಿಯ ಮೇಲೆ ಬಿತ್ತು. ಆಕೆ ಬಹಾದುರನೇ ಸುಲ್ತಾನ ಅಂತ ಸಾರಿದಳು, ಬಿಜಾಪುರಕ್ಕೂ ಗೋಲ್ಕೊಂಡಕ್ಕೂ ಸಹಾಯಕ್ಕೆ ಹೇಳಿ ಕಳಿಸಿದಳು. ವಯಸ್ಸು ನಲವತ್ತೈದರ ಆಸುಪಾಸು. ನಮ್ಮ ಅಮ್ಮಂದಿರ ವಯಸ್ಸು.

ಮುತ್ತಿಗೆ ಶುರುವಾದದ್ದು 1595ರ ಡಿಸೆಂಬರಿನಲ್ಲಿ. ಅಹಮದ್‌ನಗರದ್ದು ನೆಲಕೋಟೆ, ದುಂಡಗಿನದು, ಸುತ್ತ ಕಂದಕ. ಗುಡ್ಡದ ಮೇಲಿನ ಕೋಟೆ ಅಲ್ಲ ಅಂದ ಮೇಲೆ ಶತ್ರುವಿಗೆ ಒಂದು ಅನುಕೂಲ: ಮಣ್ಣು ಅಗೆಯಬಹುದು. ಮೊಗಲರು ಗೋಡೆಯ ಬುಡಕ್ಕೆ ಐದು ಸುರಂಗ ಕೊರೆದು ಒಳಗೆ ಮದ್ದು ತುಂಬಿದರು. ಅಡಿಪಾಯದ ಕೆಳಗೆ ಟೊಳ್ಳು ಮಾಡಿ ಸಿಡಿಸಿದರೆ ಮೇಲಿನ ಕಲ್ಲಿನ ಭಾರಕ್ಕೆ ಆಧಾರವೇ ಇರೋದಿಲ್ಲ, ಗೋಡೆ ತನ್ನ ತೂಕಕ್ಕೆ ತಾನೇ ಕುಸೀತದೆ. ಫಿರಂಗಿಯಿಂದ ಮುಖಕ್ಕೆ ಹೊಡೆಯೋದಕ್ಕಿಂತ ಇದು ಲೆಕ್ಕದ ಕೆಲಸ.

ಮುರಾದನ ಪಾಳೆಯದಲ್ಲಿದ್ದ ಶಿರಾಜಿನ ಒಬ್ಬ ಸರದಾರನಿಗೆ ಕೋಟೆಯೊಳಗಿನವರ ಮೇಲೆ ಮರುಕ ಬಂತು. ರಾತ್ರಿ ಗುಟ್ಟಾಗಿ ಬಂದು ಸುರಂಗಗಳ ಜಾಗ ಹೇಳಿ ಹೋದ. ಚಾಂದಬೀಬಿಯ ಜನ ಒಳಗಿನಿಂದ ಎದುರು ಸುರಂಗ ತೋಡಿದರು. ಮರುದಿನದ ಹೊತ್ತಿಗೆ ಎರಡನ್ನ ಹುಡುಕಿ ಮದ್ದು ಹೊರಗೆ ತೆಗೆದರು. ಅತಿ ದೊಡ್ಡದರ ಕೆಲಸ ನಡೀತಿದ್ದಾಗಲೇ ಮೊಗಲರು ಬೆಂಕಿ ಕೊಟ್ಟರು. ತೋಡುತ್ತಿದ್ದವರು ಅಲ್ಲೇ ಸತ್ತರು. ಸುಮಾರು 50 ಗಜದಷ್ಟು ಗೋಡೆ ಆಕಾಶಕ್ಕೆ ಹಾರಿತು.

ಒಳಗಿದ್ದ ಸರದಾರರು ಓಡೋಕೆ ತಯಾರಾದರು. ಆಗ ಚಾಂದಬೀಬಿ ಕವಚ ತೊಟ್ಟು, ಮುಖಕ್ಕೆ ಪರದೆ ಹಾಕಿಕೊಂಡು, ಕೈಯಲ್ಲಿ ಕತ್ತಿ ಹಿಡಿದು ಗೋಡೆ ಬಿದ್ದ ಜಾಗಕ್ಕೇ ಬಂದು ನಿಂತಳು. ಆಕೆಯನ್ನ ನೋಡಿ ಓಡುತ್ತಿದ್ದವರು ನಾಚಿ ತಿರುಗಿದರು. ಸಂಜೆಯ ತನಕ ಹೊಡೆದಾಟ ನಡೀತು, ಕಂದಕ ಹೆಣಗಳಿಂದ ತುಂಬಿತು, ಮೊಗಲರಿಗೆ ಒಳಗೆ ನುಗ್ಗಲಾಗಲಿಲ್ಲ. ಕತ್ತಲಾದ ಮೇಲೆ ನಿಜವಾದ ಕೆಲಸ ಶುರು. ಆಕೆ ಅಲ್ಲೇ ನಿಂತು ರಾತ್ರಿಯಿಡೀ ಗೋಡೆ ಎಬ್ಬಿಸಿದಳು. ಕಲ್ಲು, ಮಣ್ಣು, ಸಿಕ್ಕಿದ್ದೆಲ್ಲ ಹಾಕಿ. ಬೆಳಗಾಗೋದರೊಳಗೆ ಹಾರಿ ದಾಟಲಾಗದಷ್ಟು ಎತ್ತರ ಬಂದಿತ್ತು. ಗುಂಡು ಮುಗಿದಾಗ ತಾಮ್ರದ, ಬೆಳ್ಳಿಯ, ಬಂಗಾರದ ನಾಣ್ಯಗಳನ್ನ ತುಂಬಿ ಹೊಡೆಸಿದಳು ಅಂತ ಜನ ಕಟ್ಟಿದ ಕಥೆ ಬೇರೆ ಇದೆ.

ಅಷ್ಟರಲ್ಲಿ ಬಿಜಾಪುರದಿಂದ ಸುಹೇಲ್ ಖಾನನ ಸೈನ್ಯ ಹೊರಟ ಸುದ್ದಿ ಬಂತು. ಕಳಿಸಿದವನು ಇಬ್ರಾಹಿಂ. ಒಂಬತ್ತು ವರ್ಷದವನಿದ್ದಾಗ ಆಕೆಯ ಮಡಿಲಿಗೆ ಬಂದ ಹುಡುಗ. ಮೊಗಲರಿಗೂ ಅನ್ನ, ಮೇವು ಸಾಲದಾಗಿತ್ತು. 1596ರ ಆರಂಭದಲ್ಲಿ ಒಪ್ಪಂದ ಆಯಿತು. ಬೇರಾರ್ ಪ್ರಾಂತ್ಯ ಮೊಗಲರಿಗೆ, ಅಹಮದ್‌ನಗರ ಬಹಾದುರನಿಗೆ. ಅಲ್ಲಿಂದ ಮುಂದೆ ಜನ ಆಕೆಯನ್ನ ಚಾಂದ್ ಸುಲ್ತಾನಾ ಅಂದರು.

ಭಾರ ಇಳಿಸಲು ಹೊರಟಾಗ

ಮುಂದಿನ ನಾಲ್ಕು ವರ್ಷ ನೆಮ್ಮದಿಯದ್ದಲ್ಲ. ಆಕೆ ಆರಿಸಿದ ಮಂತ್ರಿ ತಾನೇ ದೊಡ್ಡವನಾಗಲು ಹೊರಟ, ಮತ್ತೆ ಬಿಜಾಪುರದ ಸಹಾಯ ಕೇಳಿ ಇಳಿಸಬೇಕಾಯಿತು. ಆಮೇಲೆ ಬಂದ ಅಭಂಗ್ ಖಾನನ ಜತೆಗೂ ಹೊಂದಲಿಲ್ಲ. 1600ರಲ್ಲಿ ಅಕ್ಬರನ ಇನ್ನೊಬ್ಬ ಮಗ ದಾನಿಯಾಲ್ ಸೈನ್ಯ ತಂದ. ಅಭಂಗ್ ಖಾನ್ ಜುನ್ನರಿನ ಕಡೆ ಹೋಗಿಬಿಟ್ಟ. ಈ ಸಲ ಹೊರಗಿನಿಂದ ಬರೋರು ಯಾರೂ ಇಲ್ಲ, ಒಳಗೆ ಒಬ್ಬರಿಗೊಬ್ಬರ ಮೇಲೆ ನಂಬಿಕೆ ಇಲ್ಲ.

ಚಾಂದಬೀಬಿ ಲೆಕ್ಕ ಹಾಕಿದಳು. ಕೋಟೆ ಉಳಿಯೋದಿಲ್ಲ. ಮಗುವನ್ನ, ಒಳಗಿನ ಜನರ ಪ್ರಾಣವನ್ನ ಉಳಿಸಬಹುದು. ಕೋಟೆ ಬಿಟ್ಟುಕೊಟ್ಟು ಬಹಾದುರನ ಜತೆ ಜುನ್ನರಿಗೆ ಹೋಗೋದು ಅಂತ ಯೋಚಿಸಿ ಮಾತುಕತೆಗೆ ಮನಸ್ಸು ಮಾಡಿದಳು. ಆಕೆ ಈ ಮಾತು ಹೇಳಿದ ಸರದಾರನೇ ಬೀದಿಗೆ ಹೋಗಿ ರಾಣಿ ಮೊಗಲರಿಗೆ ಮಾರಿಕೊಂಡಳು ಅಂತ ಕೂಗಿದ. ಗುಂಪು ಅರಮನೆಗೆ ನುಗ್ಗಿ ಆಕೆಯನ್ನ ಕೊಂದುಹಾಕಿತು. ಯಾವ ಜನರಿಗಾಗಿ ರಾತ್ರಿಯಿಡೀ ಗೋಡೆ ಕಟ್ಟಿದ್ದಳೋ ಅವರೇ. ಕೆಲವೇ ದಿನಗಳಲ್ಲಿ ಕೋಟೆ ಬಿತ್ತು. ಬಹಾದುರನನ್ನ ಹಿಡಿದು ಗ್ವಾಲಿಯರಿನ ಕೋಟೆಗೆ ಕಳಿಸಿದರು. ಆಕೆ ಹೇಳಿದ್ದು ಸರಿ ಅಂತ ಗೊತ್ತಾಗೋಕೆ ಬಹಳ ದಿನ ಬೇಕಾಗಲಿಲ್ಲ.

ನಮ್ಮನ್ನ ಬಹಳ ಹೊತ್ತು ಸುಮ್ಮನೆ ಕೂರಿಸಿದ್ದು ಇದೇ ಭಾಗ. ಆಕೆ ಕತ್ತಿ ಹಿಡಿದಾಗ ಎಲ್ಲರೂ ಒಪ್ಪಿದರು. ರಾತ್ರಿ ನಿದ್ದೆಗೆಟ್ಟು ಕಲ್ಲು ಹೊರಿಸಿದಾಗ ಹೊಗಳಿದರು. ಇನ್ನು ಸಾಕು, ಇದಕ್ಕಿಂತ ಹೆಚ್ಚು ಆಗೋದಿಲ್ಲ, ಇರೋದನ್ನ ಉಳಿಸಿಕೊಳ್ಳೋಣ ಅಂದ ದಿನ ದ್ರೋಹಿ ಅಂದರು. ತಾಯಿಯ ತ್ಯಾಗಕ್ಕೆ ನಾವು ಕೈ ಮುಗೀತೀವಿ. ತಾಯಿಯ ನಿರ್ಧಾರಕ್ಕೆ, ತಾಯಿಯ ಆಯಾಸಕ್ಕೆ ಕಿವಿ ಕೊಡೋದಿಲ್ಲ.

ಮೊದಲ ಸೆಮಿಸ್ಟರಿನ ಮೆಕ್ಯಾನಿಕ್ಸಿನಲ್ಲಿ ನಮಗೆಲ್ಲ ಹೇಳಿಕೊಟ್ಟ ಪಾಠ ಒಂದಿದೆ. ಒಂದು ತೊಲೆ ಅಲ್ಲಾಡದೆ ನಿಂತಿದೆ ಅಂದರೆ ಎಲ್ಲ ಬಲಗಳ ಮೊತ್ತ ಸೊನ್ನೆ. ಹಾಗಂತ ತೊಲೆಯ ಮೇಲೆ ಭಾರ ಇಲ್ಲ ಅಂತ ಅರ್ಥ ಅಲ್ಲ. ಹೊರಗಿಂದ ನೋಡಿದರೆ ಸಮತೋಲನ, ಒಳಗೆ ಒತ್ತಡ ಎಷ್ಟಿದೆ ಅನ್ನೋದು ಬೇರೆ ಲೆಕ್ಕ. ಚಾಂದಬೀಬಿಯನ್ನ ಓದುವಾಗ ಆ ಪಾಠ ಮೊದಲ ಸಲ ಮನಸ್ಸಿಗೆ ಇಳೀತು ಅನ್ನಬೇಕು.

ಅದೇ ಲೆಕ್ಕ ನಮ್ಮ ಮನೆಗಳಿಗೂ ಹಾಕಿ ನೋಡಿ. ನಮ್ಮಲ್ಲಿ ಕೆಲವರು ಆಯಿ ಅಂತೀವಿ, ಕೆಲವರು ಅಮ್ಮ, ಕೆಲವರು ಅಮ್ಮಿ. ರಮ್ಜಾನಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು ಸಹರಿಗೆ ಅಡುಗೆ ಮಾಡಿ, ತಾನೂ ಉಪವಾಸ ಇದ್ದು, ಸಂಜೆ ಇಫ್ತಾರಿಗೆ ಮತ್ತೆ ಒಲೆ ಮುಂದೆ ನಿಲ್ಲೋ ಅಮ್ಮಂದಿರು ಶಿರಸಿಯಲ್ಲೂ ಇದ್ದಾರೆ, ಯಲ್ಲಾಪುರದಲ್ಲೂ ಇದ್ದಾರೆ. ಚಾತುರ್ಮಾಸ್ಯದ ವ್ರತ ಹಿಡಿದು ಮನೆ ತುಂಬ ನೆಂಟರಿಗೆ ಬಡಿಸೋ ಆಯಿಯಂದಿರು ಸಿದ್ದಾಪುರದ ಹಳ್ಳಿಗಳಲ್ಲಿದ್ದಾರೆ. ಎಲ್ಲ ಸರಿಯಾಗಿ ನಡೀತಿದೆ ಅಂತ ನಮಗೆ ಕಾಣ್ತದೆ. ತೊಲೆ ಅಲ್ಲಾಡೋದಿಲ್ಲವಲ್ಲ!

ಆಕೆ ಎಷ್ಟು ಗಟ್ಟಿ ಅಂತ ಹೊಗಳೋ ಬದಲು, ಒಂದು ಕಡೆ ಭಾರ ಇಳಿಸಿದರೆ ಯಾರು ಹಿಡೀತೀವಿ ಅಂತ ಕೇಳಿಕೊಳ್ಳೋದು ಒಳ್ಳೇದು. ರಜೆಗೆ ಹೋದಾಗ ಬಟ್ಟೆಯ ಚೀಲ ಆಕೆಯ ಮುಂದೆ ಸುರಿಯೋ ಮುಂಚೆ ಒಮ್ಮೆ ಯೋಚನೆ ಮಾಡಬಹುದು. ಹಾಡೋದು ಬಿಟ್ಟಿದ್ದಾಳಾ, ಹೊಲಿಗೆ ಬಿಟ್ಟಿದ್ದಾಳಾ, ಓದೋದು ಬಿಟ್ಟಿದ್ದಾಳಾ ಅಂತ ಕೇಳಬಹುದು. ಬೆನ್ನುನೋವು ಅಂದರೆ ಡಾಕ್ಟರ ಹತ್ತಿರ ಕರಕೊಂಡು ಹೋಗಬಹುದು. ಸಾಕು ಅಂದ ದಿನ ಸಾಕು ಅಂತಲೇ ಕೇಳಿಸಿಕೊಳ್ಳಬಹುದು. ಇದಕ್ಕೆ ಯಾವ ಕೋಟೆಯನ್ನೂ ಬಿಟ್ಟುಕೊಡಬೇಕಾಗಿಲ್ಲ.

ಈಗ ಅಹಿಲ್ಯಾನಗರ ಅಂತ ಕರೆಯೋ ಅಹಮದ್‌ನಗರದ ಹೊರಗೆ ಗುಡ್ಡದ ಮೇಲೆ ಎಂಟು ಮೂಲೆಯ ಮೂರಂತಸ್ತಿನ ಕಟ್ಟಡ ಒಂದಿದೆ. ಜನ ಅದನ್ನ ಚಾಂದಬೀಬಿ ಮಹಲ್ ಅಂತಾರೆ. ನಿಜವಾಗಿ ಅದು ಸಲಾಬತ್ ಖಾನ್ ಎಂಬ ಮಂತ್ರಿಯ ಗೋರಿ. ಅಮ್ಮನ ಮುಖವನ್ನ ಚಿತ್ರದಿಂದ ಅಳಿಸಿದರು, ಮಗಳ ಹೆಸರು ಮಾತ್ರ ತನ್ನದಲ್ಲದ ಕಟ್ಟಡಕ್ಕೂ ಅಂಟಿಕೊಂಡು ಉಳೀತು. ಆಕೆಯದೇ ಹೆಸರಿನ ಜಾಗ ನೋಡಬೇಕಾದರೆ ಅಷ್ಟು ದೂರ ಹೋಗಬೇಕಿಲ್ಲ. ಮುಂದಿನ ಸಲ ಕಾಲೇಜ್ ಟೂರ್ ವಿಜಯಪುರಕ್ಕೆ ಹೋದಾಗ ಗೋಲಗುಮ್ಮಟದಲ್ಲಿ ನಾಲ್ಕು ಸಲ ಕೂಗಿ ಬಸ್ ಹತ್ತಿಬಿಡಬೇಡಿ. ಶಹಾಪುರ ದರ್ವಾಜಾ ಕಡೆ ಹೋಗಿ ಚಾಂದ್ ಬಾವಡಿಯ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂತು, ಅಲ್ಲಿಂದಲೇ ಮನೆಗೊಂದು ಫೋನ್ ಮಾಡಿ.